ಚರ್ಮದ ಕ್ಯಾನ್ಸರ್‌ನ ನಮ್ಮ ಇಮ್ಯೂನ್ ಸಿಸ್ಟಮ್ ಹೇಗೆ ಗುರುತು ಹಿಡಿಯುತ್ತೆ, ಹೇಗೆ ಹೊಡೆದಾಡುತ್ತೆ: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಪೆಥಾಲಜಿ ಲ್ಯಾಬಲ್ಲಿ ಕೆಲಸ ಮಾಡೋಳು, ಬಯಾಪ್ಸಿ ಸ್ಲೈಡ್‌ಗಳು ದಿನಾ ನನ್ನ ಕೈಯಲ್ಲೇ ಓಡಾಡ್ತವೆ. ಆದ್ರೆ ಇದನ್ನ ಬರೆಯೋಕೆ ಕಾರಣ ನಮ್ಮ ದೊಡ್ಡಮ್ಮ. ಅವರ ಹಿಮ್ಮಡಿಲಿ ಒಂದು ಕಪ್ಪು ಕಲೆ ಆಗಿತ್ತು, ಅದು ಮೆಲನೋಮ ಅಂತ ಗೊತ್ತಾದ ದಿನದಿಂದ ಮನೆಯವರು, ಊರವರು, ಫೋನಲ್ಲಿ ಸಿಕ್ಕಿದವರು ಎಲ್ಲಾ ಇದೇ ಪ್ರಶ್ನೆಗಳನ್ನೇ ಕೇಳ್ತಾ ಬಂದ್ರು. ಒಬ್ಬೊಬ್ರಿಗೂ ಬೇರೆ ಬೇರೆ ಹೇಳೋದಕ್ಕಿಂತ ಒಂದೇ ಕಡೆ ಬರೆದಿಡೋಣ ಅನ್ನಿಸ್ತು.

ಚರ್ಮದ ಕ್ಯಾನ್ಸರ್ ಅಂದ್ರೆ ಒಂದೇ ಥರದ್ದಾ?

ಅಲ್ಲ. ಜಾಸ್ತಿ ಕಾಣೋದು ಬೇಸಲ್ ಸೆಲ್ ಮತ್ತು ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಬೇಗ ಹಿಡಿದ್ರೆ ಇವು ಹೆಚ್ಚಿನ ಸಲ ಕತ್ತರಿಸಿ ತೆಗೆದ್ರೆ ಮುಗೀತು. ಮೆಲನೋಮ ಬೇರೆ. ಚರ್ಮಕ್ಕೆ ಬಣ್ಣ ಕೊಡೋ ಮೆಲನೋಸೈಟ್ ಅನ್ನೋ ಜೀವಕೋಶದಿಂದ ಹುಟ್ಟುತ್ತೆ, ಸಂಖ್ಯೆಲಿ ಕಮ್ಮಿ, ಆದ್ರೆ ಬೇಗ ಹರಡುತ್ತೆ. ಇಮ್ಯೂನಿಟಿ ವಿಷಯದಲ್ಲಿ ವಿಜ್ಞಾನಿಗಳು ತುಂಬಾ ಕಲಿತಿದ್ದು ಮೆಲನೋಮದಿಂದಲೇ, ಅದಕ್ಕೆ ಇಲ್ಲೂ ಅದರ ಮಾತೇ ಜಾಸ್ತಿ.

ಕ್ಯಾನ್ಸರ್ ಜೀವಕೋಶ ನಮ್ಮ ಮೈಯದ್ದೇ ಅಲ್ವಾ? ಅದು ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?

ಬಹಳ ಒಳ್ಳೆ ಪ್ರಶ್ನೆ, ಎಲ್ಲಾ ಇರೋದೂ ಇಲ್ಲೇ. ಮಂಡಿಲಿ ರಾಗಿ ಮೂಟೆ ಬಂದ್ರೆ ಇಡೀ ಮೂಟೆ ಬಿಚ್ಚಿ ನೋಡಲ್ಲ, ಚುಚ್ಚಿ ಒಂದು ಹಿಡಿ ಸ್ಯಾಂಪಲ್ ತೆಗೆದು ಅಂಗೈಲಿ ಹರಡಿ ನೋಡ್ತಾರಲ್ಲ, ನಮ್ಮ ಜೀವಕೋಶಗಳೂ ಹಂಗೇ ಒಳಗೆ ತಯಾರಾಗೋ ಪ್ರೋಟೀನ್‌ಗಳನ್ನ ಚೂರು ಚೂರು ಮಾಡಿ, ಎಂಟರಿಂದ ಹತ್ತು ಅಮೈನೋ ಆಮ್ಲದಷ್ಟು ಉದ್ದದ ತುಂಡುಗಳನ್ನ ತಮ್ಮ ಮೇಲ್ಮೈ ಮೇಲೆ ತಂದು ತೋರಿಸ್ತಾನೇ ಇರ್ತವೆ. ಆ ತುಂಡನ್ನ ಹಿಡ್ಕೊಂಡು ನಿಲ್ಲೋ ಪ್ರೋಟೀನ್ ಹೆಸರು ಎಚ್‌ಎಲ್‌ಎ. ಕಿಡ್ನಿ ಕೊಡೋಕೆ ಮುಂಚೆ ಮ್ಯಾಚ್ ಆಗುತ್ತಾ ಅಂತ ನೋಡ್ತಾರಲ್ಲ, ಅದೇ ಎಚ್‌ಎಲ್‌ಎ.

ಟಿ ಸೆಲ್ ಅನ್ನೋ ಬಿಳಿ ರಕ್ತಕಣ ಮೈಯೆಲ್ಲಾ ಸುತ್ತುತ್ತಾ ಈ ಸ್ಯಾಂಪಲ್‌ಗಳನ್ನ ಮುಟ್ಟಿ ಮುಟ್ಟಿ ನೋಡುತ್ತೆ. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ, ಅಲ್ಲಿ ಟಿ ಸೆಲ್‌ಗಳಿಗೆ ಒಂದು ಪರೀಕ್ಷೆ ನಡೆಯುತ್ತೆ. ನಮ್ಮದೇ ಮಾಮೂಲಿ ಪ್ರೋಟೀನ್ ತುಂಡು ಕಂಡ ತಕ್ಷಣ ಮೇಲೆ ಬೀಳೋ ಟಿ ಸೆಲ್‌ಗಳನ್ನ ಹೆಚ್ಚಿನಂಶ ಅಲ್ಲೇ ಸಾಯಿಸಿಬಿಡುತ್ತೆ. ಹಾಗಾಗಿ ಹೊರಗೆ ಬಂದ ಟಿ ಸೆಲ್‌ಗೆ ನಮ್ಮ ಮೈದೆಲ್ಲಾ ಪರಿಚಯದ್ದು, ಹೊಸದು ಕಂಡ್ರೆ ಮಾತ್ರ ಎಚ್ಚರ.

ಈಗ ಮೆಲನೋಮಕ್ಕೆ ಬನ್ನಿ. ಬಿಸಿಲಿನ ಯುವಿ ಕಿರಣ ಡಿಎನ್‌ಎ ಮೇಲೆ ಬಿದ್ದು ಬಿದ್ದು ಸಿ ಅಕ್ಷರ ಇರಬೇಕಾದ ಕಡೆ ಟಿ ಆಗುತ್ತೆ, ವರ್ಷಗಟ್ಟಲೆ ಇಂಥ ತಪ್ಪುಗಳು ಸೇರ್ಕೊಂಡು ಹೋಗ್ತವೆ. ಬಿಸಿಲಿಂದ ಬರೋ ಮೆಲನೋಮದಲ್ಲಿ ಈ ಮ್ಯುಟೇಶನ್‌ಗಳ ಸಂಖ್ಯೆ ಬೇರೆ ಬಹುತೇಕ ಕ್ಯಾನ್ಸರ್‌ಗಿಂತ ಜಾಸ್ತಿ. ಡಿಎನ್‌ಎ ತಪ್ಪಾದ್ರೆ ಪ್ರೋಟೀನೂ ತಪ್ಪು, ಪ್ರೋಟೀನ್ ತಪ್ಪಾದ್ರೆ ಮೇಲ್ಮೈಲಿ ತೋರಿಸೋ ತುಂಡೂ ಹೊಸದು. ಇದಕ್ಕೆ ನಿಯೋಆಂಟಿಜೆನ್ ಅಂತಾರೆ. ಅಂದ್ರೆ ಯಾವ ತಪ್ಪುಗಳಿಂದ ಕ್ಯಾನ್ಸರ್ ಹುಟ್ಟಿತೋ ಅದೇ ತಪ್ಪುಗಳು ಅದನ್ನ ಹಿಡಿದುಕೊಡ್ತವೆ. ಇದಲ್ಲದೆ, ಗಂಡಸರ ವೃಷಣದಂಥ ಜಾಗ ಬಿಟ್ಟು ಬೇರೆಲ್ಲೂ ಕಾಣಬಾರದ ಕೆಲವು ಪ್ರೋಟೀನ್‌ಗಳೂ ಮೆಲನೋಮದಲ್ಲಿ ಮತ್ತೆ ಶುರುವಾಗ್ತವೆ. ಬ್ರಸೆಲ್ಸ್‌ನ ಥಿಯರಿ ಬೂನ್ ತಂಡ 1991ರಲ್ಲಿ ಕಂಡುಹಿಡಿದ ಮೇಜ್ ಅನ್ನೋದು ಇಂಥದ್ದು. ಮನುಷ್ಯರ ಟಿ ಸೆಲ್ ಗುರುತಿಸೋ ಗೆಡ್ಡೆಯ ಗುರುತು ಅಂತ ಮೊದಲು ಸಿಕ್ಕಿದ್ದೇ ಅದು, ಸಿಕ್ಕಿದ್ದೂ ಮೆಲನೋಮ ಪೇಷಂಟ್ ಒಬ್ಬರ ಜೀವಕೋಶದಲ್ಲೇ.

ಚರ್ಮದಲ್ಲಿ ಇದನ್ನ ಮೊದಲು ನೋಡೋದು ಯಾರು?

ಡೆಂಡ್ರಿಟಿಕ್ ಸೆಲ್‌ಗಳು. ಚರ್ಮದ ಮೇಲ್ಪದರದಲ್ಲೇ ಕೈಕಾಲು ಚಾಚ್ಕೊಂಡು ಕೂತಿರೋ ಲ್ಯಾಂಗರ್‌ಹಾನ್ಸ್ ಸೆಲ್‌ಗಳೂ ಇವರ ಬಳಗದವೇ ಥರ. ಪಾಲ್ ಲ್ಯಾಂಗರ್‌ಹಾನ್ಸ್ 1868ರಲ್ಲಿ ಇವನ್ನ ನೋಡಿದಾಗ ಇನ್ನೂ ಮೆಡಿಕಲ್ ಸ್ಟೂಡೆಂಟ್, ಆಕಾರ ನೋಡಿ ನರದ ಕೋಶ ಅಂದ್ಕೊಂಡಿದ್ದ. ಕ್ಯಾನ್ಸರ್ ಕೋಶ ಸತ್ತಾಗ ಡೆಂಡ್ರಿಟಿಕ್ ಸೆಲ್‌ಗಳು ಅದರ ಚೂರುಗಳನ್ನ ನುಂಗಿ, ಹತ್ತಿರದ ಲಿಂಫ್ ನೋಡ್‌ಗೆ (ಕಂಕುಳು, ತೊಡೆಸಂದಿನಂಥ ಕಡೆ ಇರೋ, ಬಿಳಿ ರಕ್ತಕಣಗಳು ಸೇರೋ ಸಣ್ಣ ಗಂಟು) ಹೊತ್ತುಕೊಂಡು ಹೋಗಿ, ಅಲ್ಲಿರೋ ಟಿ ಸೆಲ್‌ಗಳಿಗೆ ತೋರಿಸ್ತವೆ. ತುಂಡು ತೋರಿಸಿದ್ರೆ ಮಾತ್ರ ಸಾಲಲ್ಲ, ಜೊತೆಗೆ "ಇದು ಅಪಾಯ" ಅನ್ನೋ ಎರಡನೇ ಸಿಗ್ನಲ್ಲೂ ಬೇಕು. ಅದು ಸಿಗದಿದ್ರೆ ಟಿ ಸೆಲ್ ಏಳಲ್ಲ, ಮಂಕಾಗುತ್ತೆ.

ಟಿ ಸೆಲ್ ಕೊಲ್ಲೋದು ಹೇಗೆ?

ಲಿಂಫ್ ನೋಡಲ್ಲಿ ಎದ್ದ ಟಿ ಸೆಲ್ ಒಂದಿದ್ದಿದ್ದು ಸಾವಿರಗಟ್ಟಲೆ ಆಗಿ, ರಕ್ತದಲ್ಲಿ ಬಂದು ಗೆಡ್ಡೆ ಒಳಗೆ ನುಗ್ಗುತ್ತೆ. ಕ್ಯಾನ್ಸರ್ ಕೋಶಕ್ಕೆ ಅಂಟ್ಕೊಂಡು ಪರ್ಫೋರಿನ್‌ನಿಂದ ತೂತು ಮಾಡುತ್ತೆ, ಆ ತೂತಲ್ಲಿ ಗ್ರಾಂಜೈಮ್ ಬಿಡುತ್ತೆ, ಅದು ಒಳಗೆ ಹೋಗಿ ಆ ಕೋಶ ತನ್ನನ್ನ ತಾನೇ ಮುಗಿಸ್ಕೊಳ್ಳೋ ಹಾಗೆ ಮಾಡುತ್ತೆ. ಟಿ ಸೆಲ್ ಬಿಡಿಸ್ಕೊಂಡು ಇನ್ನೊಂದರ ಹತ್ರ ಹೋಗುತ್ತೆ.

ಸ್ಲೈಡಲ್ಲಿ ಇದನ್ನ ನಾನು ಕಣ್ಣಾರೆ ನೋಡ್ತೀನಿ. ಮೆಲನೋಮ ಕೋಶಗಳು ದೊಡ್ಡದಾಗಿ, ಒಂದರ ಥರ ಇನ್ನೊಂದಿರಲ್ಲ, ಅಲ್ಲಲ್ಲಿ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಮೆಲನಿನ್ ಇರುತ್ತೆ. ಅದರ ಮಧ್ಯೆ ಸಾಸಿವೆ ಕಾಳಿನ ಥರ ಗುಂಡಗೆ, ಕಡು ನೀಲಿ ಚುಕ್ಕೆಗಳು. ಅವೇ ಲಿಂಫೋಸೈಟ್‌ಗಳು, ಅಂದ್ರೆ ಟಿ ಸೆಲ್ ಮತ್ತು ಅದರ ಬಳಗದ ಬಿಳಿ ರಕ್ತಕಣಗಳು. ಕೆಲವು ಸ್ಲೈಡಲ್ಲಿ ಈ ಸಾಸಿವೆ ಗೆಡ್ಡೆಯ ತಳದುದ್ದಕ್ಕೂ ಒತ್ತೊತ್ತಾಗಿ ತುಂಬಿರುತ್ತೆ, ಕೆಲವರಲ್ಲಿ ಗೆಡ್ಡೆಯ ಅಂಚಿಗೆ ಬಂದು ನಿಂತುಬಿಟ್ಟಿರುತ್ತೆ, ಒಳಗೆ ಒಂದೂ ಇರಲ್ಲ. ನಾವು ರಿಪೋರ್ಟಲ್ಲಿ ಇದನ್ನ ಬರೀತೀವಿ, ಯಾಕಂದ್ರೆ ಒಳಗೆ ಚೆನ್ನಾಗಿ ನುಗ್ಗಿರೋರ ಗತಿ ಸಾಮಾನ್ಯವಾಗಿ ಉತ್ತಮ. ದೊಡ್ಡಮ್ಮನ ಸ್ಲೈಡಲ್ಲಿ ಅಲ್ಲಲ್ಲಿ ಗುಂಪಾಗಿ ಇದ್ದವು, ತುಂಬಾ ಏನಿರಲಿಲ್ಲ, ಆದ್ರೆ ಇದ್ದವು. ಅದನ್ನ ನೋಡಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಇಷ್ಟೆಲ್ಲಾ ಇದ್ದೂ ಕ್ಯಾನ್ಸರ್ ಯಾಕೆ ಬೆಳೆಯುತ್ತೆ ಹಂಗಾದ್ರೆ?

ಎಷ್ಟೋ ಸಲ ಬೆಳೆಯೋಕೆ ಮುಂಚೆನೇ ಮುಗಿದುಹೋಗುತ್ತೆ, ನಮಗೆ ಗೊತ್ತೂ ಆಗಲ್ಲ. ಇನ್ನು ಕೆಲವು ಸಲ ಎರಡೂ ಕಡೆ ಸಮ ಆಗಿ ವರ್ಷಗಟ್ಟಲೆ ನಿಂತುಬಿಡುತ್ತೆ. ಇದಕ್ಕೆ ಸ್ಕಾಟ್ಲೆಂಡಿನ ಒಂದು ಕೇಸ್ 2003ರಲ್ಲಿ ಪ್ರಕಟ ಆಯ್ತು, ಅದನ್ನ ಓದಿದಾಗಿಂದ ನನ್ನ ತಲೆಯಿಂದ ಹೋಗಿಲ್ಲ. ಒಬ್ರು ಮೆಲನೋಮ ಆಪರೇಷನ್ ಆಗಿ 16 ವರ್ಷ ಆರಾಮಾಗಿದ್ರು, ವಾಸಿ ಆಗಿದೆ ಅಂತಲೇ ಲೆಕ್ಕ, ಅವರು ತೀರ್ಕೊಂಡ ಮೇಲೆ ಅವರ ಎರಡು ಕಿಡ್ನಿ ಇಬ್ಬರಿಗೆ ಹಾಕಿದ್ರು. ಆ ಇಬ್ಬರಿಗೂ ಮೆಲನೋಮ ಬಂತು, ಒಬ್ರು ಅದರಿಂದಲೇ ಹೋದ್ರು. ದಾನಿಯ ಮೈಯಲ್ಲಿ 16 ವರ್ಷ ಕ್ಯಾನ್ಸರ್ ಕೋಶಗಳು ಸುಮ್ಮನಿದ್ದವು, ಅವರ ಇಮ್ಯೂನ್ ಸಿಸ್ಟಮ್ ಅದುಮಿ ಹಿಡಿದಿತ್ತು. ಕಿಡ್ನಿ ಹಾಕಿಸ್ಕೊಂಡವರು ಇಮ್ಯೂನಿಟಿ ಕಮ್ಮಿ ಮಾಡೋ ಮಾತ್ರೆ ತಗೋಬೇಕಲ್ಲ, ಹಿಡಿತ ಸಡಿಲ ಆಯ್ತು, ಅಷ್ಟೇ. ಬೇರೆಯವರ ಅಂಗ ಹಾಕಿಸ್ಕೊಂಡವರಲ್ಲಿ ಸ್ಕ್ವಾಮಸ್ ಸೆಲ್ ಚರ್ಮದ ಕ್ಯಾನ್ಸರ್ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಬರೋದಕ್ಕೂ ಇದೇ ದೊಡ್ಡ ಕಾರಣ.

ಮೂರನೇದು ತಪ್ಪಿಸ್ಕೊಳ್ಳೋದು. ಟಿ ಸೆಲ್ ಕಣ್ಣಿಗೆ ಬಿದ್ದವೆಲ್ಲಾ ಸಾಯ್ತವೆ, ಬೀಳದವು ಉಳ್ಕೊಂಡು ಮರಿ ಹಾಕ್ತವೆ. ಕೆಲವು ಎಚ್‌ಎಲ್‌ಎನೇ ಕಳಚಿಬಿಡ್ತವೆ, ಸ್ಯಾಂಪಲ್ಲೇ ತೋರಿಸದಿದ್ರೆ ಟಿ ಸೆಲ್ ಏನು ನೋಡುತ್ತೆ? ಹಾಗೆ ಪೂರ್ತಿ ಖಾಲಿ ಮೇಲ್ಮೈ ಇರೋರನ್ನ ಹಿಡಿಯೋಕೆ ಎನ್‌ಕೆ ಸೆಲ್ ಅಂತ ಬೇರೆ ಪಹರೆ ಇದೆ, ಆದ್ರೆ ಅದರಿಂದಲೂ ನುಣುಚಿಕೊಳ್ಳೋವು ಇವೆ. ಇನ್ನೂ ಕೆಲವು, "ಜಗಳ ನಿಲ್ಲಿಸಿ" ಅಂತ ಹೇಳೋ ರೆಗ್ಯುಲೇಟರಿ ಟಿ ಸೆಲ್‌ಗಳನ್ನ ಸುತ್ತ ಸೇರಿಸ್ಕೊಳ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಿಡಿ-ಎಲ್1. ಟಿ ಸೆಲ್ ಹೊಡೆಯುವಾಗ ಇಂಟರ್‌ಫೆರಾನ್ ಗಾಮಾ ಅನ್ನೋ ಸಂದೇಶದ ಪ್ರೋಟೀನ್ ಬಿಡುತ್ತೆ, ಅದರ ವಾಸನೆ ಬಡಿದ ತಕ್ಷಣ ಕ್ಯಾನ್ಸರ್ ಕೋಶ ಮೇಲ್ಮೈಲಿ ಪಿಡಿ-ಎಲ್1 ಎತ್ತಿ ಹಿಡಿಯುತ್ತೆ, ಟಿ ಸೆಲ್ ಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇರುತ್ತೆ, ಅದನ್ನ ಹೋಗಿ ಒತ್ತುತ್ತೆ. ಟಿ ಸೆಲ್ ಅಲ್ಲೇ ಇರುತ್ತೆ, ಕ್ಯಾನ್ಸರನ್ನ ನೋಡ್ತಾನೂ ಇರುತ್ತೆ, ಕೈ ಮಾತ್ರ ಏಳಲ್ಲ.

ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ "ಅವರಿಗೆ ರೋಗ ನಿರೋಧಕ ಶಕ್ತಿ ಕಮ್ಮಿ ಇತ್ತು ಅದಕ್ಕೇ ಬಂತು" ಅಂತ ಪೇಷಂಟ್ ಮುಂದೆನೇ ಹೇಳೋರನ್ನ ನೋಡಿದೀನಿ. ಎಷ್ಟೋ ಜನರಲ್ಲಿ ಶಕ್ತಿ ಇರುತ್ತೆ, ಗುರುತೂ ಹಿಡಿದಿರುತ್ತೆ, ಬ್ರೇಕ್ ಬಿದ್ದಿರುತ್ತೆ.

ಮೈಯಲ್ಲಿ ಬ್ರೇಕ್ ಯಾಕಿದೆ, ಇಲ್ಲದಿದ್ರೇ ಒಳ್ಳೇದಲ್ವಾ?

ಇಲ್ಲದಿದ್ರೆ ಒಂದು ನೆಗಡಿ ಬಂದಾಗಲೂ ಎದ್ದ ಸೈನ್ಯ ಮಲಗದೆ ನಮ್ಮ ಕರುಳು, ಥೈರಾಯ್ಡ್, ಕೀಲುಗಳನ್ನೇ ತಿನ್ನುತ್ತೆ. ಬ್ರೇಕ್ ಬೇಕೇ ಬೇಕು.

ಈ ಇಮ್ಯುನೋಥೆರಪಿ ಅಂದ್ರೆ ಆ ಬ್ರೇಕ್ ತೆಗೆಯೋದಾ?

ಹೌದು. ಸಿಟಿಎಲ್‌ಎ-4 ಅನ್ನೋ ಬ್ರೇಕನ್ನ ತಡೆದ್ರೆ ಇಲಿಗಳಲ್ಲಿ ಗೆಡ್ಡೆ ಕರಗುತ್ತೆ ಅಂತ ಅಮೆರಿಕದ ಜೇಮ್ಸ್ ಆಲಿಸನ್ ತಂಡ 1996ರಲ್ಲಿ ತೋರಿಸ್ತು. ಪಿಡಿ-1 ಅನ್ನ 1992ರಲ್ಲೇ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ತಂಡ ಕಂಡುಹಿಡಿದಿತ್ತು. ಇಬ್ಬರಿಗೂ ಸೇರಿಸಿ 2018ರಲ್ಲಿ ನೊಬೆಲ್ ಬಂತು. ಸಿಟಿಎಲ್‌ಎ-4 ತಡೆಯೋ ಇಪಿಲಿಮುಮಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ತು, ಪಿಡಿ-1 ತಡೆಯೋ ಪೆಂಬ್ರೊಲಿಜುಮಾಬ್, ನಿವೊಲುಮಾಬ್ ಎರಡಕ್ಕೂ 2014ರಲ್ಲಿ. ಮೊದಲ ಬಾರಿಗೆ ಒಪ್ಪಿಗೆ ಸಿಕ್ಕಿದ್ದು ಮೂರಕ್ಕೂ ಅಲ್ಲಿ ಮೆಲನೋಮಕ್ಕೇ.

ಇದರಿಂದ ಆದ ವ್ಯತ್ಯಾಸ ಸಣ್ಣದಲ್ಲ. ಅದಕ್ಕೆ ಮುಂಚೆ ಮೆಲನೋಮ ಬೇರೆ ಅಂಗಗಳಿಗೆ ಹರಡಿದ್ರೆ ಹೆಚ್ಚಿನವರು ಒಂದು ವರ್ಷದೊಳಗೆ ಹೋಗ್ತಿದ್ರು. 945 ಜನರ ಮೇಲೆ ಮಾಡಿದ ಚೆಕ್‌ಮೇಟ್ 067 ಅನ್ನೋ ಟ್ರಯಲ್‌ನ ಹತ್ತು ವರ್ಷದ ಲೆಕ್ಕ 2024ರಲ್ಲಿ ಬಂತು: ಇಪಿಲಿಮುಮಾಬ್, ನಿವೊಲುಮಾಬ್ ಎರಡೂ ಸೇರಿಸಿ ಕೊಟ್ಟವರಲ್ಲಿ ಶೇ. 43 ಜನ ಹತ್ತು ವರ್ಷ ಆದ್ಮೇಲೂ ಬದುಕಿದ್ರು, ನಿವೊಲುಮಾಬ್ ಒಂದೇ ಕೊಟ್ಟವರಲ್ಲಿ ಶೇ. 37, ಇಪಿಲಿಮುಮಾಬ್ ಒಂದೇ ಆದ್ರೆ ಶೇ. 19. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆಲನೋಮ ಲಿವರ್‌ಗೂ ಮಿದುಳಿಗೂ ಹರಡಿತ್ತು, ವಯಸ್ಸು 90. ಆಪರೇಷನ್, ರೇಡಿಯೇಷನ್, ಪೆಂಬ್ರೊಲಿಜುಮಾಬ್ ಆಗಿ, ಅದೇ ವರ್ಷದ ಕೊನೆಗೆ ಸ್ಕ್ಯಾನಲ್ಲಿ ಏನೂ ಕಾಣಲಿಲ್ಲ, ಅವರು ತೀರ್ಕೊಂಡಿದ್ದು 2024ರಲ್ಲಿ, ನೂರು ದಾಟಿದ ಮೇಲೆ. ಎಲ್ಲರಿಗೂ ಹೀಗೆ ಆಗಲ್ಲ, ಅದನ್ನೂ ಹೇಳ್ಲೇಬೇಕು. ಅರ್ಧಕ್ಕಿಂತ ಜಾಸ್ತಿ ಜನ ಹತ್ತು ವರ್ಷ ಮುಟ್ಟಲಿಲ್ಲ ಅನ್ನೋದೂ ಅದೇ ಲೆಕ್ಕದಲ್ಲಿದೆ.

ಕೀಮೋ ಥರ ಕೂದಲು ಉದುರುತ್ತಾ? ಸೈಡ್ ಎಫೆಕ್ಟ್ ಏನು?

ಕೀಮೋದಷ್ಟು ಕೂದಲು ಉದುರಲ್ಲ, ಆದ್ರೆ ಸುಲಭ ಅಂತಲೂ ಅಲ್ಲ. ಬ್ರೇಕ್ ತೆಗೆದ ಟಿ ಸೆಲ್ ಕ್ಯಾನ್ಸರ್ ಬಿಟ್ಟು ಬೇರೆ ಕಡೆಗೂ ತಿರುಗಬಹುದು: ಕರುಳಿಗೆ ತಿರುಗಿದ್ರೆ ಭೇದಿ, ಶ್ವಾಸಕೋಶಕ್ಕಾದ್ರೆ ಕೆಮ್ಮು ಉಬ್ಬಸ, ಥೈರಾಯ್ಡ್, ಲಿವರ್, ಪಿಟ್ಯುಟರಿ, ಅಪರೂಪಕ್ಕೆ ಹೃದಯ. ಎರಡು ಔಷಧ ಸೇರಿಸಿ ಕೊಟ್ರೆ ತೀವ್ರ ತೊಂದರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಬರುತ್ತೆ. ಬೇಗ ಹೇಳಿದ್ರೆ ಸ್ಟೀರಾಯ್ಡ್ ಕೊಟ್ಟು ಹೆಚ್ಚಿನದನ್ನ ಹಿಡಿತಕ್ಕೆ ತರ್ತಾರೆ, ಅದಕ್ಕೆ ಭೇದಿ ಆಯ್ತು ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಗೊಂಡು ಮನೇಲಿ ಕೂರಬೇಡಿ, ಟ್ರೀಟ್‌ಮೆಂಟ್ ಕೊಟ್ಟ ಡಾಕ್ಟರಿಗೇ ಫೋನ್ ಮಾಡಿ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇದು ಬರಬಹುದು.

ಟ್ರೀಟ್‌ಮೆಂಟ್ ಟೈಮಲ್ಲಿ ಮೈಮೇಲೆ ಬಿಳಿ ಮಚ್ಚೆ ಬಂತು, ತೊನ್ನು ಅಂತಿದಾರೆ, ಭಯ ಆಗ್ತಿದೆ.

ಭಯ ಬೇಡ. ಮೆಲನೋಮ ಇರೋರಿಗೆ ಇಮ್ಯುನೋಥೆರಪಿ ಆಗುವಾಗ ಇದು ಬಂದ್ರೆ ಸಾಮಾನ್ಯವಾಗಿ ಒಳ್ಳೆ ಸೂಚನೆ. ಮೆಲನೋಮ ಕೋಶಕ್ಕೂ ಒಳ್ಳೆ ಮೆಲನೋಸೈಟ್‌ಗೂ ಬಣ್ಣ ತಯಾರಿಸೋ ಪ್ರೋಟೀನ್‌ಗಳು ಒಂದೇ, ಎದ್ದ ಟಿ ಸೆಲ್‌ಗಳು ಎರಡನ್ನೂ ಹೊಡೆಯುತ್ವೆ, ಒಳ್ಳೇವು ಸತ್ತ ಜಾಗ ಬೆಳ್ಳಗಾಗುತ್ತೆ. ಹೀಗೆ ತೊನ್ನು ಬಂದವರು ಬರದವರಿಗಿಂತ ಹೆಚ್ಚು ಕಾಲ ಬದುಕಿದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವರಿಗೆ ಮಾಮೂಲಿ ಮಚ್ಚೆ ಸುತ್ತ ಬಿಳಿ ಉಂಗುರ ಬಂದು ಮಚ್ಚೆನೇ ಮಾಯ ಆಗುತ್ತಲ್ಲ, ಅದೂ ಟಿ ಸೆಲ್ ಕೆಲಸವೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮ ಕಡೆ ತೊನ್ನು ಅಂದ್ರೆ ಹುಡುಗಿ ಮದುವೆ ನಿಂತುಹೋಗುತ್ತೆ, ಪಂಕ್ತಿಲಿ ಪಕ್ಕ ಕೂರಲ್ಲ. ಅದು ಅಂಟುರೋಗ ಅಲ್ಲ, ಶಾಪ ಅಲ್ಲ, ಮೆಲನೋಸೈಟ್ ಕಳ್ಕೊಂಡ ಚರ್ಮ ಅಷ್ಟೇ. ಮಾಮೂಲಿ ತೊನ್ನು ಇರೋರಿಗೆ ಮೆಲನೋಮ ಬರೋ ಸಾಧ್ಯತೆ ಕಮ್ಮಿ ಅಂತಲೇ ಯುರೋಪಿನ ಲೆಕ್ಕಗಳು ಹೇಳ್ತವೆ.

ನಮ್ಮ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬರಲ್ವಂತೆ?

ಕಮ್ಮಿ, ನಿಜ. ಮೆಲನಿನ್ ಯುವಿ ಕಿರಣವನ್ನ ತಡೆಯುತ್ತೆ. ಆದ್ರೆ ಬರಲ್ಲ ಅನ್ನೋದು ಸುಳ್ಳು. ನಮ್ಮಲ್ಲಿ ಮೆಲನೋಮ ಬಂದ್ರೆ ತುಂಬಾ ಸಲ ಬಿಸಿಲು ಬೀಳದ ಜಾಗದಲ್ಲಿ ಬರುತ್ತೆ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಕೆಳಗೆ. ಇದಕ್ಕೆ ಏಕ್ರಲ್ ಮೆಲನೋಮ ಅಂತಾರೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಬಂದಿದ್ದೂ ಕಾಲ್ಬೆರಳಿನ ಉಗುರಡಿ, 1977ರಲ್ಲಿ ಗೊತ್ತಾಯ್ತು, 1981ರಲ್ಲಿ 36ನೇ ವಯಸ್ಸಿಗೆ ಹೋದ್ರು.

ದೊಡ್ಡಮ್ಮ ಜೀವನಪೂರ್ತಿ ಬರಿಗಾಲಲ್ಲಿ ಗದ್ದೆ ಬದು ಮೇಲೆ ಓಡಾಡಿದವರು. ಹಿಮ್ಮಡಿಲಿ ಕಪ್ಪು ಕಂಡಾಗ ಮುಳ್ಳು ಮುರಿದು ಒಳಗೇ ಉಳ್ಕೊಂಡಿದೆ ಅಂದ್ಕೊಂಡ್ರು, ಆಮೇಲೆ ಆಣಿ ಅಂದ್ರು, ಹತ್ತಿರದ ಕ್ಲಿನಿಕ್ಕಲ್ಲೂ ಆಣಿ ಅಂತಲೇ ಕೆರೆದು ಪಟ್ಟಿ ಹಾಕಿದ್ರು, ಹೀಗೇ ಎಂಟು ತಿಂಗಳು. ಹಬ್ಬಕ್ಕೆ ಹೋದಾಗ ಅವರು ಜಗಲಿ ಮೇಲೆ ಕಾಲು ಚಾಚಿ ಕೂತಿದ್ರು, ನನಗೆ ಕಂಡಿದ್ದು ಅಂಚು ಹರಡಿದ ಶಾಯಿ ಥರದ ಕಲೆ, ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಬೂದು, ನಡುವೆ ಸಣ್ಣ ಹುಣ್ಣು. ಅದನ್ನ ಮೊದಲೇ ನೋಡಲಿಲ್ವಲ್ಲ ಅನ್ನೋ ಸಂಕಟ ಈಗಲೂ ಇದೆ, ಯಾಕಂದ್ರೆ ಅದಕ್ಕೆ ಮುಂಚೆ ಎರಡು ಸಲ ಊರಿಗೆ ಹೋಗಿದ್ದೆ.

ಏಕ್ರಲ್ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣ ಅಲ್ಲ, ಹಾಗಾಗಿ ಮ್ಯುಟೇಶನ್ ಕಮ್ಮಿ, ಮ್ಯುಟೇಶನ್ ಕಮ್ಮಿ ಅಂದ್ರೆ ಟಿ ಸೆಲ್‌ಗೆ ಕಾಣೋ ಹೊಸ ತುಂಡುಗಳೂ ಕಮ್ಮಿ. ಬ್ರೇಕ್ ತೆಗೆಯೋ ಔಷಧಗಳು ಇದರಲ್ಲಿ ಬಿಸಿಲಿನ ಮೆಲನೋಮದಷ್ಟು ಚೆನ್ನಾಗಿ ಕೆಲಸ ಮಾಡಲ್ಲ. ಮಾಡೋದೇ ಇಲ್ಲ ಅಂತಲ್ಲ, ಆದ್ರೆ ನಮ್ಮಂಥವರಿಗೆ ಬೇಗ ಕಂಡುಹಿಡಿಯೋದು ಇನ್ನೂ ಮುಖ್ಯ ಆಗೋದು ಇದಕ್ಕೇ.

ಅಮೃತಬಳ್ಳಿ ಕಷಾಯ, ಇಮ್ಯೂನಿಟಿ ಬೂಸ್ಟರ್ ಕುಡಿದ್ರೆ ಟಿ ಸೆಲ್ ಜೋರಾಗುತ್ತಾ?

ಯಾವ ಬೂಸ್ಟರ್ರೂ ಪಿಡಿ-1 ಬ್ರೇಕ್ ಬಿಡಿಸಲ್ಲ. ಜೊತೆಗೆ ಇಮ್ಯುನೋಥೆರಪಿಲಿ ಲಿವರ್‌ಗೆ ಏಟು ಬೀಳೋ ಸಾಧ್ಯತೆ ಮೊದಲೇ ಇರುತ್ತೆ, ಅಮೃತಬಳ್ಳಿಯಿಂದ ಲಿವರ್ ಉರಿಯೂತ ಆದ ಕೇಸ್‌ಗಳು ನಮ್ಮ ದೇಶದಲ್ಲೇ ಕೋವಿಡ್ ಟೈಮಲ್ಲಿ ವರದಿ ಆಗಿವೆ. ಏನು ಕುಡೀತಿದ್ರೂ ಡಾಕ್ಟರಿಗೆ ಮುಚ್ಚಿಡಬೇಡಿ. ಊಟದ ವಿಷಯದಲ್ಲಿ ಒಂದು ಕುತೂಹಲದ ಸಂಗತಿ ಇದೆ: 2021ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನದಲ್ಲಿ ನಾರಿನಂಶ ಜಾಸ್ತಿ ತಿನ್ನೋ ಮೆಲನೋಮ ಪೇಷಂಟ್‌ಗಳಿಗೆ ಇಮ್ಯುನೋಥೆರಪಿ ಹೆಚ್ಚು ಹಿಡಿಸ್ತು, ಅಂಗಡಿಯ ಪ್ರೋಬಯಾಟಿಕ್ ಮಾತ್ರೆಯಿಂದ ಲಾಭ ಕಾಣಲಿಲ್ಲ. ಸೊಪ್ಪು, ಕಾಳು, ಮುದ್ದೆ ತಿನ್ನಿ, ಅದು ಔಷಧದ ಬದಲಿಗೆ ಅಲ್ಲ, ಜೊತೆಗೆ.

ಖರ್ಚು ನಮ್ಮ ಕೈಗೆ ನಿಲುಕುತ್ತಾ?

ಪೂರ್ತಿ ಕೋರ್ಸ್ ಲಕ್ಷಗಟ್ಟಲೆ, ಎಷ್ಟೋ ಮನೆಗಳಿಗೆ ಆಗದ ಮಾತು, ಇದು ನನ್ನನ್ನ ತುಂಬಾ ನೋಯಿಸೋ ವಿಷಯ. ಒಂದು ಭರವಸೆ ಮುಂಬೈನ ಟಾಟಾ ಮೆಮೋರಿಯಲ್‌ನಿಂದ ಬಂದಿದೆ. ಅಲ್ಲಿ ಬಾಯಿ ಗಂಟಲಿನ ಕ್ಯಾನ್ಸರ್‌ಗೆ ನಿವೊಲುಮಾಬ್ ಅನ್ನ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದ್ರೆ ಮಾಮೂಲಿ ಡೋಸ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಮ್ಮಿ, ಬೇರೆ ಮಾತ್ರೆಗಳ ಜೊತೆ ಕೊಟ್ಟು ನೋಡಿದ್ರು, ಒಂದು ವರ್ಷ ಬದುಕಿದ್ದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಅದು ಮೆಲನೋಮದಲ್ಲಿ ಮಾಡಿದ್ದಲ್ಲ, ಹಾಗಾಗಿ ನೀವೇ ಡೋಸ್ ಲೆಕ್ಕ ಹಾಕ್ಬೇಡಿ, ಆಂಕಾಲಜಿಸ್ಟ್ ಹತ್ರ ದುಡ್ಡಿನ ಪರಿಸ್ಥಿತಿ ಬಿಚ್ಚಿ ಹೇಳಿ.

ಆಪರೇಷನ್‌ಗೆ ಮುಂಚೆನೇ ಇಂಜೆಕ್ಷನ್ ಕೊಡ್ತೀವಿ ಅಂತಾರೆ, ಗೆಡ್ಡೆ ಒಳಗೇ ಬಿಟ್ಟು ಯಾಕೆ ಕಾಯೋದು?

ಗೆಡ್ಡೆ ಒಳಗಿದ್ದಾಗ ಟಿ ಸೆಲ್‌ಗಳಿಗೆ ನೋಡೋಕೆ ಸ್ಯಾಂಪಲ್ ಬೇಕಾದಷ್ಟು ಇರುತ್ತೆ, ಆಗ ಬ್ರೇಕ್ ತೆಗೆದ್ರೆ ನಾನಾ ಗುರುತು ಕಲಿತ ಟಿ ಸೆಲ್‌ಗಳು ಎದ್ದು ಮೈಯೆಲ್ಲಾ ಹೋಗಿ ಅವಿತಿರೋವನ್ನೂ ಹುಡುಕ್ತವೆ. ಲಿಂಫ್ ನೋಡ್‌ಗೆ ಹರಡಿದ, ಆದ್ರೆ ಕತ್ತರಿಸಿ ತೆಗೆಯೋಕೆ ಆಗೋ ಹಂತದ ಮೆಲನೋಮದಲ್ಲಿ 2023ರ ಒಂದು ಟ್ರಯಲ್ ಇದನ್ನ ಅಳೆದು ನೋಡ್ತು. ಎರಡು ವರ್ಷ ತೊಂದರೆ ಇಲ್ಲದೆ ಇದ್ದವರು, ಪೆಂಬ್ರೊಲಿಜುಮಾಬ್‌ನ ಆಪರೇಷನ್‌ಗೆ ಮುಂಚೆನೇ ಶುರು ಮಾಡಿದವರಲ್ಲಿ ಶೇ. 72, ಬರೀ ಆಮೇಲೆ ಕೊಟ್ಟವರಲ್ಲಿ ಶೇ. 49.

ಕ್ಯಾನ್ಸರ್ ವ್ಯಾಕ್ಸಿನ್ ಬಂತಂತೆ?

ಪೇಷಂಟ್‌ನ ಗೆಡ್ಡೆಯ ಡಿಎನ್‌ಎ ಓದಿ, ಅವರಿಗೇ ಅಂತ 34ರವರೆಗೆ ನಿಯೋಆಂಟಿಜೆನ್ ಆರಿಸಿ ಎಂಆರ್‌ಎನ್‌ಎ ಲಸಿಕೆ ಮಾಡ್ತಾರೆ. ಆಪರೇಷನ್ ಆದ 157 ಜನರಲ್ಲಿ ಪೆಂಬ್ರೊಲಿಜುಮಾಬ್ ಜೊತೆ ಕೊಟ್ಟಾಗ, ಅದೊಂದೇ ಕೊಟ್ಟಿದ್ದಕ್ಕಿಂತ ಮರುಕಳಿಸೋ ಅಥವಾ ಸಾಯೋ ಅಪಾಯ ಶೇ. 44 ಕಮ್ಮಿ ಆಯ್ತು, ದೊಡ್ಡ ಟ್ರಯಲ್‌ಗಳೂ ಶುರುವಾಗಿವೆ. ಇನ್ನೊಂದು ದಾರಿ, ಗೆಡ್ಡೆ ಒಳಗೆ ನುಗ್ಗಿದ ಟಿ ಸೆಲ್‌ಗಳನ್ನೇ ತೆಗೆದು ಲ್ಯಾಬಲ್ಲಿ ಕೋಟಿಗಟ್ಟಲೆ ಬೆಳೆಸಿ ವಾಪಸ್ ಕೊಡೋದು. ಸ್ಟೀವನ್ ರೋಸೆನ್‌ಬರ್ಗ್ 1988ರಲ್ಲೇ ಮೆಲನೋಮದಲ್ಲಿ ಇದರ ಫಲಿತಾಂಶ ಪ್ರಕಟಿಸಿದ್ರು, ಅಮೆರಿಕದಲ್ಲಿ ಒಪ್ಪಿಗೆ ಸಿಗೋಕೆ 2024 ಬರಬೇಕಾಯ್ತು.

ಮಗ ಆಸ್ಟ್ರೇಲಿಯಾದಲ್ಲಿದಾನೆ, ಅಲ್ಲಿ ಬಿಸಿಲಿಗೆ ಹೆದರ್ಕೋತಾರೆ, ಅವನೂ ಹೆದರಬೇಕಾ?

ಪ್ರಪಂಚದಲ್ಲೇ ಮೆಲನೋಮ ಅತಿ ಹೆಚ್ಚು ಇರೋ ದೇಶಗಳಲ್ಲಿ ಅದೂ ಒಂದು, ಅಲ್ಲಿಯವರ ಹೆದರಿಕೆ ಸರಿ. ಕಂದು ಚರ್ಮದವರಿಗೆ ಅಪಾಯ ಅವರಿಗಿಂತ ತುಂಬಾ ಕಮ್ಮಿ, ಆದ್ರೂ ಟೋಪಿ, ತುಂಬು ತೋಳು ಇರಲಿ. ಯುವಿ ಡಿಎನ್‌ಎ ಕೆಡಿಸೋದು ಮಾತ್ರ ಅಲ್ಲ, ಚರ್ಮದ ಇಮ್ಯೂನ್ ಪಹರೆಯನ್ನೂ ಮಂಕು ಮಾಡುತ್ತೆ. ಮಾರ್ಗರೆಟ್ ಕ್ರಿಪ್ಕೆ 1970ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದ್ರು, ಯುವಿಯಿಂದ ಬಂದ ಗೆಡ್ಡೆಯನ್ನ ಮಾಮೂಲಿ ಇಲಿಗೆ ಹಾಕಿದ್ರೆ ಅದು ಹೊರಗೆ ಹಾಕಿಬಿಡುತ್ತೆ, ಯುವಿಗೆ ಒಡ್ಡಿದ ಇಲಿಯಲ್ಲಿ ಅದೇ ಗೆಡ್ಡೆ ಬೆಳೀತಾ ಹೋಗುತ್ತೆ.

ಬಯಾಪ್ಸಿ ಮಾಡಿದ್ರೆ, ಚಾಕು ತಾಗಿದ್ರೆ ಕ್ಯಾನ್ಸರ್ ಹರಡುತ್ತಂತೆ, ಮಾಡಿಸ್ಬೇಕಾ?

ಮಾಡಿಸಿ. ಬಯಾಪ್ಸಿ ಮಾಡಿದ್ದಕ್ಕೆ ಮೆಲನೋಮ ಹರಡಲ್ಲ, ಮಾಡಿಸದೆ ಕೂತ ತಿಂಗಳುಗಳಲ್ಲಿ ಹರಡುತ್ತೆ. ಈ ಮಾತಿಂದಾನೇ ದೊಡ್ಡಮ್ಮ ಇನ್ನೂ ಮೂರು ವಾರ ಹಿಂದೇಟು ಹಾಕಿದ್ರು. ಒಂದು ಮಚ್ಚೆ ಬೇರೆ ಮಚ್ಚೆಗಳ ಥರ ಇಲ್ಲ ಅನ್ನಿಸಿದ್ರೆ, ಎರಡು ಅರ್ಧ ಒಂದೇ ಥರ ಇಲ್ಲ, ಅಂಚು ಸೊಟ್ಟ, ಎರಡು ಮೂರು ಬಣ್ಣ, 6 ಮಿಲಿಮೀಟರ್‌ಗಿಂತ ಅಗಲ, ತಿಂಗಳಿಂದ ತಿಂಗಳಿಗೆ ಬದಲಾಗ್ತಿದೆ ಅಂದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಉಗುರಲ್ಲಿ ಉದ್ದಕ್ಕೆ ಹೊಸ ಕಪ್ಪು ಗೆರೆ ಬಂದು ಅಗಲ ಆಗ್ತಿದ್ರೆ, ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಇಳಿದಿದ್ರೆ, ಕಾಯಲೇಬೇಡಿ. ಆಣಿ ಅಂತ ಹೇಳಿದ್ದು ವಾಸಿನೇ ಆಗ್ತಿಲ್ಲ ಅಂದ್ರೂ ಅಷ್ಟೇ.

ದೊಡ್ಡಮ್ಮ ಹೇಗಿದಾರೆ?

ಹಿಮ್ಮಡಿಯ ಆ ಭಾಗ ತೆಗೆದು ತೊಡೆಯ ಚರ್ಮ ಹಾಕಿದ್ರು, ತೊಡೆಸಂದಿನ ಲಿಂಫ್ ನೋಡ್ ತೆಗೆದು ನೋಡಿದಾಗ ಅದರಲ್ಲಿ ಕ್ಯಾನ್ಸರ್ ಇರಲಿಲ್ಲ, ಇಮ್ಯುನೋಥೆರಪಿ ಸದ್ಯಕ್ಕೆ ಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಬರ್ತಾರೆ. ಈಗ ಮೆತ್ತನೆ ಚಪ್ಪಲಿ ಹಾಕ್ತಾರೆ, ಮನೆಗೆ ಯಾರೇ ಹೆಂಗಸರು ಬಂದ್ರೂ ಕಾಫಿ ಕೊಟ್ಟ ಮೇಲೆ, "ಎಲ್ಲಿ, ಅಂಗಾಲು ತೋರ್ಸವ್ವ" ಅಂತಾರೆ.